ನಮ್ಮ ಬೀದಿ, ನಿಮ್ಮ ಪ್ರಶ್ನೆ: ಭರಣಿ ಮಳೆಗೆ ಮುಂಚೆ

ಮೂವತ್ತೊಂದು ವರ್ಷ ಬೇರೆಬೇರೆ ಊರುಗಳ ನಗರಸಭೆಗಳಲ್ಲಿ ರಸ್ತೆ, ಚರಂಡಿ, ನೀರಿನ ಕೆಲಸ ಮಾಡಿಸಿ ನಿವೃತ್ತಳಾದವಳು ನಾನು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಸಿಗೆ ಕಾಮಗಾರಿಯ ಬಗ್ಗೆಯೇ ಇವೆ. ಅದಕ್ಕೆ ಬೇರೆ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಮಾರ್ಚ್ ಕೊನೆಯಲ್ಲಿ ನಮ್ಮ ರಸ್ತೆಗೆ ಡಾಂಬರು ಹಾಕಿದರು. ಇಪ್ಪತ್ತು ದಿನಕ್ಕೆ ನೀರಿನ ಪೈಪಿಗೆ ಅಂತ ಅದೇ ರಸ್ತೆ ಅಗೆದರು. ಮೇ ತಿಂಗಳ ಮೊದಲ ಜೋರು ಮಳೆಗೆ ಅಗೆದ ಜಾಗ ಕುಸಿಯಿತು, ನೀರು ಗೇಟಿನೊಳಗೆ ಬಂತು. ಇದು ಎರಡನೇ ಸಲ. ಬಡಾವಣೆಯವರು ಏನು ಮಾಡಬೇಕು?
(ನಿವೃತ್ತ ಬ್ಯಾಂಕ್ ನೌಕರರು, ಬೆಂಗಳೂರು)

ಉತ್ತರ: ಸರ್, ನಿಮ್ಮ ಪತ್ರ ಓದುವಾಗ ನಮ್ಮ ಮನೆಯ ಗೇಟೇ ಕಣ್ಣ ಮುಂದೆ ಬಂತು. 1996ರಲ್ಲಿ ಮನೆ ಕಟ್ಟಿದಾಗ ರಸ್ತೆಯಿಂದ ಗೇಟಿಗೆ ಮೂರು ಮೆಟ್ಟಿಲಿದ್ದವು. ಒಂದೊಂದೂ ಆರು ಇಂಚು. ಕೆಳಗಿನ ಮೆಟ್ಟಿಲ ಮೇಲೆ ಕೂತು ನಮ್ಮತ್ತೆ ಸಂಜೆ ಹೂವು ಕಟ್ಟುತ್ತಿದ್ದರು. ಈಗ ಕಾಣುವುದು ಒಂದೇ ಮೆಟ್ಟಿಲು. ಉಳಿದೆರಡು ಡಾಂಬರಿನ ಕೆಳಗಿವೆ. ಹಳೆಯ ಪದರ ಕೆರೆದು ತೆಗೆಯದೆ ಅದರ ಮೇಲೇ ಇನ್ನೊಂದು, ಮತ್ತೊಂದು ಪದರ ಹಾಕುತ್ತಾ ಹೋದರೆ ರಸ್ತೆ ಏರುತ್ತದೆ, ಮನೆ ತಗ್ಗಿಗೆ ಬೀಳುತ್ತದೆ. ಒಂದು ಮೇ ತಿಂಗಳ ಸಂಜೆ ಮಳೆನೀರು ಆ ಮೆಟ್ಟಿಲನ್ನೂ ದಾಟಿ ನಮ್ಮ ನೀರಿನ ಸಂಪಿನೊಳಗೆ ಇಳಿಯಿತು. ಚರಂಡಿ ನೀರು ಬೆರೆತ ಸಂಪನ್ನು ಖಾಲಿ ಮಾಡಿ ಎರಡು ದಿನ ತೊಳೆದೆವು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಮಾರ್ಚ್‌ನಲ್ಲೇ ಡಾಂಬರು ಯಾಕೆ ಬೀಳುತ್ತದೆ ಅಂದರೆ ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಷ್ಟರೊಳಗೆ ಕೆಲಸ ಮುಗಿಸಿ ಬಿಲ್ಲು ಮಾಡಬೇಕು ಅನ್ನುವ ಅವಸರ ಎಲ್ಲರಿಗೂ. ಪೈಪು ಹಾಕುವ ಕಚೇರಿ ಬೇರೆ, ರಸ್ತೆ ಮಾಡುವ ಕಚೇರಿ ಬೇರೆ, ಕರೆಂಟಿನ ಕೇಬಲ್ಲಿನವರು ಇನ್ನೂ ಬೇರೆ. ಒಬ್ಬರ ಪಟ್ಟಿ ಇನ್ನೊಬ್ಬರ ಮೇಜಿಗೆ ಬರುವುದಿಲ್ಲ. ಬಂದರೂ ತಡವಾಗಿ ಬರುತ್ತದೆ. ನೆಲದೊಳಗಿನ ಕೆಲಸ ಮೊದಲು, ನೆಲದ ಮೇಲಿನದು ಆಮೇಲೆ. ಇದು ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುವ ಮಾತು. ಮನೆ ಕಟ್ಟುವಾಗ ಪೈಪು ಹಾಕದೆ ಟೈಲ್ಸ್ ಕೂರಿಸುತ್ತೇವಾ ಸರ್? ಬೀದಿಗೂ ಅದೇ ಲೆಕ್ಕ.

ಬೆಂಗಳೂರಿನಲ್ಲೇ ಇದನ್ನು ಸರಿಯಾಗಿ ಮಾಡಿದ ಜಾಗಗಳಿವೆ. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಮಾಡಿದಾಗ ಪೈಪು, ಕೇಬಲ್ಲುಗಳಿಗೆ ಫುಟ್‌ಪಾತಿನ ಕೆಳಗೆ ಜಾಗ ಕೊಟ್ಟು, ಅಲ್ಲಲ್ಲಿ ಚೇಂಬರ್ ಇಟ್ಟರು. ರಿಪೇರಿ ಬಂದರೆ ಚೇಂಬರ್ ತೆಗೆದರೆ ಸಾಕು, ರಸ್ತೆ ಅಗೆಯಬೇಕಿಲ್ಲ. ಖರ್ಚು ಜಾಸ್ತಿ, ನಮ್ಮಂಥ ಮೂವತ್ತಡಿ ರಸ್ತೆಗೆ ಪೂರ್ತಿ ಹಾಗೆ ಮಾಡುವುದು ಕಷ್ಟ. ಆದರೆ ಆ ಕ್ರಮವನ್ನು ಪಾಲಿಸುವುದಕ್ಕೆ ದುಡ್ಡು ಬೇಕಿಲ್ಲ.

ಇನ್ನು ಅಗೆದ ಜಾಗ ಕುಸಿದ ವಿಚಾರ. ಇದನ್ನು ನೀವೇ ನಿಂತು ನೋಡಬಹುದು. ಪೈಪು ಹಾಕಿದ ಮೇಲೆ ಗುಂಡಿಗೆ ಮಣ್ಣನ್ನು ಆರರಿಂದ ಎಂಟು ಇಂಚಿನ ಪದರವಾಗಿ ಹಾಕಬೇಕು. ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ಬೀದಿಯಲ್ಲಿ ನಡೆಯುವುದು ಏನು? ಜೆಸಿಬಿ ಪಕ್ಕದ ಮಣ್ಣಿನ ಗುಡ್ಡೆಯನ್ನು ಒಂದೇ ಸಲಕ್ಕೆ ತಳ್ಳುತ್ತದೆ, ಚಕ್ರ ಎರಡು ಸಲ ಮೇಲೆ ಹಾದುಹೋಗುತ್ತದೆ. ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುತ್ತದೆ. ಒಳಗೆಲ್ಲ ಪೊಳ್ಳು. ಮೊದಲ ಮಳೆ ನೀರು ಆ ಪೊಳ್ಳಿಗೆ ಇಳಿದ ಕೂಡಲೇ ನೆಲ ಕೂರುತ್ತದೆ. ನಾನು ಕೆಲಸದಲ್ಲಿದ್ದಾಗ ಒಂದು ಕಬ್ಬಿಣದ ಸರಳು ಇಟ್ಟುಕೊಂಡಿರುತ್ತಿದ್ದೆ. ಮುಚ್ಚಿದ ಗುಂಡಿಗೆ ಅದನ್ನು ಒತ್ತಿದರೆ ಕೈಯ ಬಲಕ್ಕೇ ಒಂದಡಿ ಇಳಿಯಿತು ಅಂದರೆ ಮತ್ತೆ ತೆಗೆಸುತ್ತಿದ್ದೆ. ನೀವೂ ಹಾಗೇ ಒತ್ತಿ ನೋಡಿ, ಮೊಬೈಲಲ್ಲಿ ಫೋಟೊ ತೆಗೆಯಿರಿ.

ಈಗ ನೀವು ಮಾಡಬೇಕಾದ್ದು. ನನ್ನ ಅನುಭವದಲ್ಲಿ ಬೇಸಿಗೆ ಕಾಮಗಾರಿಗೆ ಬೇಸಿಗೆಯಲ್ಲಿ ಅರ್ಜಿ ಕೊಟ್ಟರೆ ಆಗಲೇ ಹೊತ್ತು ಮೀರಿರುತ್ತದೆ. ನಮ್ಮ ತಂದೆ ಹಾಸನದ ಕಡೆ ಬೇಸಾಯ ಮಾಡುತ್ತಿದ್ದರು. ಏಪ್ರಿಲ್ ಕೊನೆ ವಾರಕ್ಕೆ ಭರಣಿ ಮಳೆ ಹೂಡುತ್ತದೆ, ಅದಕ್ಕೆ ಮುಂಚೆ ಬದು, ಕಾಲುವೆ ಎಲ್ಲ ಸರಿಯಾಗಿರಬೇಕು ಅಂತ ಯುಗಾದಿಗೂ ಮೊದಲೇ ಗುದ್ದಲಿ ಹಿಡಿಯುತ್ತಿದ್ದರು. ಬೀದಿಗೂ ಅದೇ ಗಡುವು ಇರಲಿ. ಮುಂಗಾರು ಬರುವುದು ಜೂನ್‌ನಲ್ಲಿ ಅಂತ ಕಾಯಬೇಡಿ. 2025ರಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದ್ದು ಮೇ 18ರ ರಾತ್ರಿಯ ಮಳೆಗೆ.

ನವೆಂಬರ್, ಡಿಸೆಂಬರ್‌ನಲ್ಲಿ ನಿಮ್ಮ ಸಂಘದವರು ನಾಲ್ಕು ಜನ ಒಂದು ಟೇಪು ಹಿಡಿದು ಬೀದಿ ಸುತ್ತಿ. ಎಲ್ಲಿ ನೀರು ನಿಲ್ಲುತ್ತದೆ, ಚರಂಡಿಯ ವಾಟ ಯಾವ ಕಡೆಗಿದೆ, ಯಾವ ಮೋರಿಗೆ ಹೂಳು ತುಂಬಿದೆ, ಎಲ್ಲ ಬರೆದುಕೊಳ್ಳಿ. ಜನವರಿಯೊಳಗೆ ಅದನ್ನು ರಸ್ತೆ ಕಚೇರಿಗೂ ನೀರಿನ ಕಚೇರಿಗೂ ಒಂದೇ ದಿನ ಕೊಡಿ. ಒಬ್ಬರಿಗೆ ಕೊಟ್ಟ ಪ್ರತಿಯಲ್ಲಿ ಇನ್ನೊಬ್ಬರಿಗೂ ಕೊಟ್ಟಿದ್ದೇವೆ ಅಂತ ಬರೆಯಿರಿ. ಎರಡರ ಮೇಲೂ ಸೀಲು, ತಾರೀಖು ಹಾಕಿಸಿಕೊಳ್ಳಿ. ಅದರಲ್ಲಿ ಎರಡೇ ಪ್ರಶ್ನೆ ಇರಲಿ: ಈ ರಸ್ತೆಯಲ್ಲಿ ಈ ವರ್ಷ ಪೈಪು, ಕೇಬಲ್ಲಿನ ಕೆಲಸ ಇದೆಯಾ? ಇದ್ದರೆ ಅದು ಮುಗಿಯುವವರೆಗೆ ಡಾಂಬರು ತಡೆಯುತ್ತೀರಾ?

ಡಾಂಬರು ಹಾಕುವುದೇ ಆದರೆ ಹಳೆಯ ಪದರ ಕೆರೆದು ತೆಗೆಯುವುದು ಎಸ್ಟಿಮೇಟಿನಲ್ಲಿದೆಯಾ ನೋಡಿ. ಕಾರ್ಯಾದೇಶದಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಬರೆದಿರುತ್ತಾರೆ. ಅಷ್ಟು ಕಾಲ ರಸ್ತೆ ಹಾಳಾದರೆ ಕಾಂಟ್ರಾಕ್ಟರೇ ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ಈ ಕಾಗದಗಳನ್ನು ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಇನ್ನೊಂದು ಮಾತು. ನಗರಸಭೆ, ಪಾಲಿಕೆಗಳಿಗೆ ಸಂಬಂಧಿಸಿದ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರಲ್ಲಿ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆ ಇರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಅದರಲ್ಲೇ ಇದೆ. ಬೆಂಗಳೂರಿನ ಆಡಳಿತ 2025ರಲ್ಲಿ ಐದು ಪಾಲಿಕೆಗಳಾಗಿ ಹಂಚಿಹೋದ ಮೇಲೆ ಕಚೇರಿ, ಅಧಿಕಾರಿ ಎಲ್ಲ ಬದಲಾಗಿದ್ದಾರೆ. ಹಾಗಂತ ನಿಮ್ಮ ಹಕ್ಕು ಬದಲಾಗಿಲ್ಲ. ಸಮಿತಿ ಸಭೆ ಯಾವತ್ತು ಅಂತ ಕೇಳಿ, ಹೋಗಿ, ನಿಮ್ಮ ಮಾತು ನಡಾವಳಿ ಪುಸ್ತಕಕ್ಕೆ ಏರುವವರೆಗೆ ಎದ್ದು ಬರಬೇಡಿ.

ಪ್ರಶ್ನೆ: ನಮ್ಮಮ್ಮ ಎರಡು ಮನೆಯಲ್ಲಿ ಕೆಲಸ ಮಾಡುತ್ತಾರೆ. ಹನ್ನೆರಡಕ್ಕೆ ಒಂದು ಮನೆ ಮುಗಿದರೆ ಇನ್ನೊಂದು ಎರಡು ಗಂಟೆಗೆ. ನಮ್ಮ ಮನೆ ದೂರ. ಪಕ್ಕದಲ್ಲೇ ಪಾರ್ಕ್ ಇದೆ, ಆದರೆ ಮಧ್ಯಾಹ್ನ ಬೀಗ ಹಾಕುತ್ತಾರೆ. ಅಮ್ಮ ಪಾರ್ಕಿನ ಕಾಂಪೌಂಡಿನ ಹೊರಗೆ ಬಿಸಿಲಲ್ಲಿ ಕೂರುತ್ತಾರೆ. ಇದನ್ನು ಯಾರಿಗೆ ಹೇಳಬೇಕು ಅಕ್ಕಾ?
(ಕಾಲೇಜು ವಿದ್ಯಾರ್ಥಿನಿ, ಮೈಸೂರು)

ಉತ್ತರ: ತಂಗೀ, ಈ ಪತ್ರವನ್ನು ನಾನು ಮೂರು ಸಲ ಓದಿದೆ. ಮರದ ನೆರಳು ಒಳಗೆ, ಅದು ಬೇಕಾದ ಮನುಷ್ಯರು ಹೊರಗೆ. ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕಿಂತ ಪಾರ್ಕು ಬೇಕಾಗುವ ಹೊತ್ತು ಇನ್ಯಾವುದು? ಬೆಳಿಗ್ಗೆ ವಾಕಿಂಗ್ ಮಾಡುವವರಿಗೆ ಮಾತ್ರ ಅಂತ ಸಮಯ ಇಟ್ಟರೆ ಹೀಗಾಗುತ್ತದೆ. ಊಟದ ಡಬ್ಬಿ ತರುವ ಹುಡುಗರು, ತರಕಾರಿ ಗಾಡಿಯವರು, ನಿಮ್ಮಮ್ಮನಂಥವರು ಲೆಕ್ಕಕ್ಕೇ ಬರುವುದಿಲ್ಲ.

ಬೆಂಗಳೂರಿನಲ್ಲೂ ಹೀಗೇ ಇತ್ತು. 2024ರಲ್ಲಿ ಅಲ್ಲಿನ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ ತೀರ್ಮಾನವಾಯಿತು. ಆ ಉದಾಹರಣೆಯನ್ನೇ ಬರೆದು ನಿಮ್ಮ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಅರ್ಜಿ ಕೊಡಿ, ಅದರ ಪ್ರತಿ ಆಯುಕ್ತರಿಗೆ. ಅಮ್ಮನ ಜೊತೆ ಕೂರುವ ಬೇರೆಯವರ ಸಹಿಯನ್ನೂ ಹಾಕಿಸಿ. ಪಾರ್ಕಿಗೆ ಹೊಂದಿಕೊಂಡ ಮನೆಯವರು "ಕಂಡಕಂಡವರು ಬರುತ್ತಾರೆ" ಅಂತ ಆಕ್ಷೇಪ ಎತ್ತಬಹುದು. ಅವರ ಮನೆಗಳಲ್ಲಿ ದುಡಿಯುವವರೇ ಅಲ್ಲಿ ಬಂದು ಕೂರುವವರು ಅಂತ ನೀನೇ ಮೆಲ್ಲಗೆ ತಿಳಿಸಿ ಹೇಳು.

ಅರ್ಜಿಯಲ್ಲಿ ಒಂದು ಅರವಟ್ಟಿಗೆಯನ್ನೂ ಕೇಳು. ನಮ್ಮ ಹಳ್ಳಿಯ ದಾರಿಯಲ್ಲಿ ಹೊಂಗೆ ಮರದ ಕೆಳಗೆ ಮಣ್ಣಿನ ಹರವಿ, ಅದರ ಮೇಲೊಂದು ಮುಚ್ಚಳ, ಹಿತ್ತಾಳೆ ಚೊಂಬು ಇರುತ್ತಿತ್ತು. ದಿನಾ ಬೆಳಿಗ್ಗೆ ಒಬ್ಬರ ಮನೆಯವರು ತುಂಬಿಸುತ್ತಿದ್ದರು. ಈಗ ಚೊಂಬು ಬೇಡ, ನಲ್ಲಿ ಇರುವ ಹರವಿ ಇಟ್ಟರೆ ಸಾಕು. ಇದಕ್ಕೆ ಟೆಂಡರ್ ಬೇಕಿಲ್ಲ, ಬೀದಿಯ ನಾಲ್ಕು ಮನೆ ಒಪ್ಪಿದರೆ ನಾಳೆಯೇ ಆಗುತ್ತದೆ. ಶೌಚಾಲಯ ಮಾತ್ರ ಪಾಲಿಕೆಯೇ ಕಟ್ಟಬೇಕು, ಅದನ್ನು ಬಿಡಬೇಡ.

ಪ್ರಶ್ನೆ: ಹೊಸ ಫುಟ್‌ಪಾತ್ ಮಾಡುವಾಗ ಮರಗಳ ಬುಡಕ್ಕೆ ಕಾಂಕ್ರೀಟ್ ಮೆತ್ತಿದ್ದಾರೆ. ತೆಗೆಸಬಹುದಾ?
(ಶಿವಮೊಗ್ಗದ ಓದುಗರು)

ಉತ್ತರ: ತೆಗೆಸಲೇಬೇಕು, ಮಳೆಗಾಲಕ್ಕೆ ಮುಂಚೆ. ಬೇರಿಗೆ ನೀರು, ಗಾಳಿ ಎರಡೂ ಸಿಗದೆ ಮರ ಸೊರಗುತ್ತದೆ. ಮೇ ತಿಂಗಳ ಗಾಳಿಗೆ ಬುಡಸಮೇತ ಉರುಳುವ ಮರಗಳಲ್ಲಿ ಇಂಥವೂ ಇರುತ್ತವೆ. 2013ರಲ್ಲಿ ದೆಹಲಿಯ ಮರಗಳ ವಿಚಾರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕು ಅಂತ ಹೇಳಿತು. ಅದನ್ನು ಉಲ್ಲೇಖಿಸಿ ಬರೆಯಿರಿ. ಒಡೆಯುವಾಗ ಡ್ರಿಲ್ ಬೇಡ, ಉಳಿ ಸುತ್ತಿಗೆಯಲ್ಲೇ ಆಗಲಿ, ಬೇರಿಗೆ ಪೆಟ್ಟಾಗಬಾರದು. ಹೊಸ ಸಸಿಗೆ ಗುಂಡಿಯನ್ನು ಈಗಲೇ ತೋಡಿ ಬಿಸಿಲಿಗೆ ಬಿಡಿ, ಸಸಿಯನ್ನು ಜೂನ್‌ನಲ್ಲಿ ನೆಡಿ. ಹೊಂಗೆ, ಬೇವು ಬೀದಿಗೆ ಒಳ್ಳೆಯವು.

ಪ್ರಶ್ನೆ: 30x40 ಸೈಟಿನ ಮನೆಗೆ ಮಳೆನೀರು ಕೊಯ್ಲು ಮಾಡಿಸಿದರೆ ನಿಜವಾಗಿಯೂ ಪ್ರಯೋಜನ ಇದೆಯಾ?
(ಗೃಹಿಣಿ, ಬೆಂಗಳೂರು)

ಉತ್ತರ: ಲೆಕ್ಕ ಹಾಕಿ ನೋಡೋಣ ಬನ್ನಿ. ಒಂದು ಚದರ ಮೀಟರ್ ತಾರಸಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ 800 ಚದರ ಅಡಿ ಅಂದುಕೊಂಡರೆ ಸುಮಾರು 74 ಚದರ ಮೀಟರ್. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಪೋಲಾಗುವುದನ್ನು ಕಳೆದರೂ 55 ಸಾವಿರ ಲೀಟರ್‌ಗಿಂತ ಜಾಸ್ತಿ ಸಿಗುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರ್ ಒಂಬತ್ತಕ್ಕೆ ಸಮ. 2024ರ ಮಾರ್ಚ್‌ನಲ್ಲಿ ಒಂದು ಟ್ಯಾಂಕರಿಗೆ ಕಾದಿದ್ದು ನೆನಪಿದೆ ಅಲ್ವಾ? ಕಾವೇರಿ ನೀರು ನಿಮ್ಮ ನಲ್ಲಿಗೆ ಬರುವುದು ನೂರು ಕಿಲೋಮೀಟರ್ ದೂರದಿಂದ, ಪಂಪಿನಲ್ಲಿ ಎತ್ತರಕ್ಕೆ ಏರಿಸಿಕೊಂಡು. ತಾರಸಿಯ ನೀರು ತಾನೇ ಇಳಿದು ಬರುತ್ತದೆ.

2009ರಲ್ಲೇ ಬೆಂಗಳೂರಿನಲ್ಲಿ 30x40ರ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿದ್ದಾರೆ. ಏಪ್ರಿಲ್‌ನಲ್ಲಿ ತಾರಸಿ ಗುಡಿಸಿ, ಪೈಪಿನ ಜಾಲರಿ ತೊಳೆಯಿರಿ. ಮೊದಲೆರಡು ಮಳೆಯ ನೀರನ್ನು ಹೊರಗೆ ಬಿಡಿ. ಸಂಪು ತುಂಬಿದ ಮೇಲೆ ಹೆಚ್ಚಾದ ನೀರಿಗೆ ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ ತೋಡಿಸಿ. ಬಾವಿ ತೋಡುವುದನ್ನೇ ಕುಲಕಸುಬು ಮಾಡಿಕೊಂಡು ಬಂದ ಮಣ್ಣು ವಡ್ಡರು ಈಗಲೂ ಇದ್ದಾರೆ, ಅವರ ಕೈಯಲ್ಲೇ ಮಾಡಿಸಿ. ಕೆಲಸ ಕಣ್ಣಾರೆ ನೋಡಬೇಕಾದರೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲಿನ ಥೀಮ್ ಪಾರ್ಕ್ ಇದೆ.

ಪ್ರಶ್ನೆ: ನಾನು ಎಂಟನೇ ಕ್ಲಾಸ್. ಬೇಸಿಗೆ ರಜೆಯಲ್ಲಿ ನಮ್ಮ ಬೀದಿಗೆ ನಾನು ಏನು ಮಾಡಬಹುದು?
(ದಾವಣಗೆರೆಯ ಹುಡುಗಿ)

ಉತ್ತರ: ಪುಟ್ಟಾ, ನೀನು ಬೀದಿಯ ನಕ್ಷೆ ಬರೆ. ಒಂದು ಡ್ರಾಯಿಂಗ್ ಶೀಟು, ಬಣ್ಣದ ಪೆನ್ಸಿಲ್, ಅಳತೆ ಟೇಪು ಸಾಕು. ಮರಕ್ಕೆ ಹಸಿರು ಚುಕ್ಕಿ, ಉರಿಯದ ಬೀದಿದೀಪಕ್ಕೆ ಕಪ್ಪು, ಮುಚ್ಚಳ ಒಡೆದ ಚೇಂಬರಿಗೆ ಕೆಂಪು. ಒಡೆದ ಮುಚ್ಚಳದ ಹತ್ತಿರ ಮಾತ್ರ ಹೋಗಬೇಡ, ದೂರದಿಂದಲೇ ಗುರುತು ಮಾಡು. ಫುಟ್‌ಪಾತಿನಲ್ಲಿ ಅಡ್ಡ ಏನೂ ಇಲ್ಲದೆ ನಡೆಯಲು ಕಡಿಮೆ ಅಂದರೂ 1.8 ಮೀಟರ್ ಜಾಗ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು ಅಂತ ಭಾರತೀಯ ರಸ್ತೆ ಕಾಂಗ್ರೆಸ್ಸಿನ (ರಸ್ತೆ ಹೇಗಿರಬೇಕು ಅಂತ ನಿಯಮ ಬರೆಯುವ ಸಂಸ್ಥೆ) 2012ರ ಮಾರ್ಗಸೂಚಿ ಇದೆ. ಅಳೆದು ಬರೆ. ನಿಮ್ಮಜ್ಜಿಯನ್ನು ಕೈಹಿಡಿದು ಆ ಫುಟ್‌ಪಾತ್ ಮೇಲೆ ಒಂದು ಸಲ ನಡೆಸು, ಎಲ್ಲೆಲ್ಲಿ ಅವರು ನಿಂತುಬಿಡುತ್ತಾರೋ ಅಲ್ಲಿಗೆಲ್ಲ ನೀಲಿ ಗುರುತು ಹಾಕು. ಮಧ್ಯಾಹ್ನ ಎಲ್ಲಿ ನೆರಳು ಬೀಳುತ್ತದೆ ಅನ್ನುವುದನ್ನೂ ಬರೆ. ಮೊದಲ ಮಳೆ ಬಂದು ನಿಂತ ಮೇಲೆ ಮತ್ತೆ ಹೊರಗೆ ಹೋಗಿ, ನೀರು ನಿಂತ ಕಡೆಯೆಲ್ಲ ಗೆರೆ ಎಳೆ.

ಕೆಳಗೆ ತಾರೀಖು ಹಾಕುವುದನ್ನು ಮರೆಯಬೇಡ. ಮುಗಿದ ಮೇಲೆ ಒಂದು ಜೆರಾಕ್ಸ್ ನನಗೂ ಕಳಿಸು.