ಹಸಿ ಕಸದಿಂದ ಅಮೋನಿಯಾ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಹುಬ್ಬಳ್ಳಿಯ ನಿಮ್ಮ ಅಪಾರ್ಟ್‌ಮೆಂಟಿನ ಹಸಿ ಕಸದಿಂದ ಅಮೋನಿಯಾ ತಯಾರಿಸಿ, ಗದಗ ಸಮೀಪದ ಹೊಲದ ಗೋವಿನಜೋಳಕ್ಕೆ ಯೂರಿಯಾ ಬದಲು ಬಳಸಬಹುದೇ ಎಂದು ಕೇಳಿದ್ದೀರಿ. ತಾತ್ವಿಕವಾಗಿ ಸಾಧ್ಯ, ಆದರೆ ಅಮೋನಿಯಾ ಅನಿಲವನ್ನು ಮನೆಮಟ್ಟದಲ್ಲಿ ತೆಗೆಯುವ ಪ್ರಯತ್ನಕ್ಕೆ ದಯವಿಟ್ಟು ಕೈಹಾಕಬೇಡಿ, ಅದು ಕಣ್ಣು ಮತ್ತು ಶ್ವಾಸಕೋಶವನ್ನು ಸುಡುವ ವಿಷಾನಿಲ.

ಕಾರ್ಖಾನೆಗಳಲ್ಲಿ, ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆದ ಜಲಜನಕವನ್ನು ಗಾಳಿಯ ಸಾರಜನಕದೊಡನೆ 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಭಾರೀ ಒತ್ತಡದಲ್ಲಿ ಕೂಡಿಸುತ್ತಾರೆ. ಇದೇ ಹೇಬರ್-ಬಾಷ್ ವಿಧಾನ. ಕಸ ಗಾಳಿಯಿಲ್ಲದೆ ಕೊಳೆತಾಗ ಬರುವ ಬಯೋಗ್ಯಾಸಿನಲ್ಲಿರುವ ಮೀಥೇನ್ ನೈಸರ್ಗಿಕ ಅನಿಲದ ಜಾಗವನ್ನು ತುಂಬಬಲ್ಲದು, ಆದರೆ ಅದು ದೊಡ್ಡ ಸ್ಥಾವರದ ಕೆಲಸ.

ನಿಮ್ಮ ಕೈಗೆಟಕುವುದು ಬಯೋಗ್ಯಾಸ್ ಘಟಕದ ಸ್ಲರಿ, ಅಂದರೆ ಅನಿಲ ಬಂದ ಮೇಲೆ ಉಳಿಯುವ ಗಂಜಿಯಂಥ ದ್ರವ. ಅನ್ನ, ಬೇಳೆ, ತರಕಾರಿ ಸಿಪ್ಪೆ ಗಾಳಿಯಿಲ್ಲದೆ ಕೊಳೆತಾಗ ಅವುಗಳ ಪ್ರೋಟೀನಿನ ಸಾರಜನಕದ ಬಹುಭಾಗ ಅಮೋನಿಯಂ (ಅಮೋನಿಯಾ ನೀರಿನಲ್ಲಿ ಕರಗಿ ಉಳಿಯುವ ರೂಪ) ಆಗಿ ಆ ಸ್ಲರಿಯಲ್ಲೇ ಉಳಿಯುತ್ತದೆ. ಸ್ವಲ್ಪ ಸುಣ್ಣ ಬೆರೆತರೂ ಸಾಕು, ಮೂಗು ಹಿಂಡುವ ಘಾಟು ಏಳುತ್ತದೆ. ಕ್ಷಾರ ಹೆಚ್ಚಾದಂತೆ ಅಮೋನಿಯಂ ಮತ್ತೆ ಅಮೋನಿಯಾ ಅನಿಲವಾಗಿ ಹಾರಿಹೋಗುವುದೇ ಅದಕ್ಕೆ ಕಾರಣ. ನಮ್ಮ ಭಾಗದ ಎರೆಮಣ್ಣು ಸಾಮಾನ್ಯವಾಗಿ ಕ್ಷಾರೀಯವಾದ್ದರಿಂದ, ಬಿಸಿಲಿನಲ್ಲಿ ಮೇಲೆಮೇಲೆ ಸುರಿದ ಸ್ಲರಿಯ ಸತ್ವ ಹೀಗೆಯೇ ಗಾಳಿಪಾಲಾಗುತ್ತದೆ. ಆದ್ದರಿಂದ ಸಂಜೆಯ ಹೊತ್ತಿನಲ್ಲಿ ಸಾಲಿಗೆ ಹಾಕಿಸಿ, ಕೂಡಲೇ ಎಡೆ ಹೊಡೆಸಿ ಮಣ್ಣು ಮುಚ್ಚಿಸಿ.

ಪ್ರಮಾಣದ ಬಗ್ಗೆಯೂ ಸ್ಪಷ್ಟವಾಗಿ ಹೇಳಬೇಕು: 100 ಕಿಲೋ ಹಸಿ ಕಸದಲ್ಲಿ ಸಾಮಾನ್ಯವಾಗಿ 1 ಕಿಲೋಗಿಂತ ಕಡಿಮೆ ಸಾರಜನಕವಿರುತ್ತದೆ, ಯೂರಿಯಾದಲ್ಲಾದರೋ ಶೇಕಡಾ 46ರಷ್ಟು. ಹೀಗಾಗಿ ಯೂರಿಯಾವನ್ನು ಈ ವರ್ಷವೇ ಪೂರ್ತಿ ಬಿಡದೆ, ಮಣ್ಣು ಪರೀಕ್ಷೆ ಮಾಡಿಸಿ, ಮೇಲುಗೊಬ್ಬರದ ಒಂದು ಪಾಲನ್ನಷ್ಟೇ ಸ್ಲರಿಯಿಂದ ತುಂಬಿಸಿ.