ಫಾರ್ಮುಲಾ ಒನ್‌ನಲ್ಲಿ ಪರಿಸರಕ್ಕೆ ಹೆಚ್ಚು ಹಾನಿ ಮಾಡುವುದು ಕಾರುಗಳು ಸುಡುವ ಇಂಧನವೇ?

ಅಲ್ಲ. ಫಾರ್ಮುಲಾ ಒನ್ ಸಂಸ್ಥೆಯೇ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2018ರ ಋತುವಿನ ಹೊರಸೂಸುವಿಕೆ ಸುಮಾರು 2,56,000 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅದರಲ್ಲಿ ಕಾರುಗಳ ಇಂಧನದ ಪಾಲು ಬರೀ ಶೇ 0.7. ಸರಕು ಸಾಗಣೆಯದೇ ಶೇ 45. ಸಿಬ್ಬಂದಿಯ ಪ್ರಯಾಣ ಶೇ 27ಕ್ಕೂ ಹೆಚ್ಚು. ಪ್ರೇಕ್ಷಕರ ಓಡಾಟ ಈ ಲೆಕ್ಕಕ್ಕೇ ಸೇರಿಲ್ಲ, ಅದು ಬೇರೆಯೇ ಕಥೆ!

ಕಸದ ವಿಷಯಕ್ಕೆ ಬಂದರೆ ಟೈರು ನೋಡಿ. ಸಾಮಾನ್ಯ ರೇಸ್ ವಾರಾಂತ್ಯದಲ್ಲಿ ಒಬ್ಬ ಚಾಲಕನಿಗೆ ಒಣ ಟ್ರ್ಯಾಕಿನ ಟೈರುಗಳೇ 13 ಸೆಟ್, ಅಂದರೆ 52. ಇಪ್ಪತ್ತೆರಡು ಕಾರುಗಳಿಗೆ 1,144. ಮಳೆಯ ಟೈರುಗಳು ಬೇರೆ. ಬಳಸಿದವನ್ನು ಟೈರು ಪೂರೈಸುವ ಪಿರೆಲ್ಲಿ ಕಂಪನಿ ವಾಪಸು ಪಡೆಯುತ್ತದೆ. ಸಿಮೆಂಟ್ ಗೂಡುಗಳಲ್ಲಿ ಇಂಧನವಾಗಿ ಉರಿಸುವುದು ಬಹುಕಾಲದ ರೂಢಿ. ಒಮ್ಮೆ ರಿಮ್ಮಿಗೆ ಕೂರಿಸಿ ಕಳಚಿದರೆ ಅಂಚು ಸಡಿಲವಾದೀತೆಂದು, ಟ್ರ್ಯಾಕಿಗೇ ಇಳಿಯದ ಮಳೆಯ ಟೈರುಗಳೂ ಹಿಂದೆ ಗುಜರಿ ಸೇರುತ್ತಿದ್ದವು.

2026ರಿಂದ ಕಾರುಗಳಿಗೆ ಸುಸ್ಥಿರ ಇಂಧನ (ಕಚ್ಚಾತೈಲದಿಂದ ತೆಗೆಯದ್ದು) ಕಡ್ಡಾಯ. ಒಳ್ಳೆಯದೇ, ಆದರೆ ಅದು ಮುಟ್ಟುವುದು ಆ ಶೇ 0.7ನ್ನು. ನನ್ನ ಪ್ರಕಾರ ಹೆಚ್ಚು ಫಲ ಕೊಡುವುದು ವೇಳಾಪಟ್ಟಿಯ ತಿದ್ದುಪಡಿ: ಸಾಗಣೆ ತಗ್ಗಲೆಂದು ಕೆನಡಾ ಮತ್ತು ಅಮೆರಿಕದ ಮಯಾಮಿ ರೇಸುಗಳ ದಿನಾಂಕಗಳನ್ನು ಹತ್ತಿರ ತಂದಿರುವುದು ಅಂಥ ಒಂದು ಹೆಜ್ಜೆ.