ಫ್ರೆಂಚ್ ಚಿತ್ರಕಾರ ಸಿನ್ಯಾಕ್‌ನ ಬಂದರು ಚಿತ್ರಗಳಲ್ಲಿ ನೀರು ಅಷ್ಟೊಂದು ಹೊಳೆಯುವುದು ಹೇಗೆ?

ಬಣ್ಣಗಳನ್ನು ಕಲಸದೆ ಬಿಡಿಬಿಡಿ ಚುಕ್ಕೆ, ಗೀಟುಗಳಾಗಿ ಇಟ್ಟಿದ್ದರಿಂದ. ಕಿತ್ತಳೆಗೆ ನೀಲಿ ಬೆರೆಸಿದರೆ ಕೆಸರಿನಂಥ ಬೂದು ಬರುತ್ತದೆ. ಅವೆರಡನ್ನೇ ಪಕ್ಕಪಕ್ಕ ಹಚ್ಚಿದರೆ ಒಂದು ಇನ್ನೊಂದನ್ನು ಎತ್ತಿ ತೋರಿಸುತ್ತದೆ. ಹಾಯಿಯ ಕಿತ್ತಳೆ ಪ್ರತಿಬಿಂಬವನ್ನು ನೀಲಿ ಗೀಟುಗಳು ಅಡ್ಡಡ್ಡ ಕತ್ತರಿಸುವಲ್ಲಿ ಕಣ್ಣಿಟ್ಟು ನೋಡಿ, ಅಲೆ ಅಲುಗುವುದೇ ಅಲ್ಲಿ.

ಅನುಕರಿಸುವವರು ಎಡವುವುದು ಚುಕ್ಕೆಯ ಅಳತೆಯಲ್ಲಿ. ವಿರುದ್ಧ ಬಣ್ಣಗಳ ಚುಕ್ಕೆ ತೀರಾ ಸಣ್ಣದಾದರೆ ದೂರದಿಂದ ಕಣ್ಣೇ ಅವನ್ನು ಕಲಸಿಬಿಡುತ್ತದೆ, ಮತ್ತದೇ ಬೂದು. ಪಾಲ್ ಸಿನ್ಯಾಕ್ (1863–1935) ಮುಂದೆ ಚುಕ್ಕೆ ಬಿಟ್ಟು ಮೊಸಾಯಿಕ್ ಹರಳಿನಂಥ ಅಗಲ ಗೀಟುಗಳಿಗೆ ಹೊರಳಿದ್ದು ನನ್ನ ಮಟ್ಟಿಗೆ ಅವನ ಅತ್ಯುತ್ತಮ ನಿರ್ಧಾರ. ಗೀಟುಗಳ ನಡುವೆ ಕ್ಯಾನ್ವಾಸಿನ ಬಿಳಿ ತಳ ಇಣುಕಲಿ. ಪೂರ್ತಿ ಮುಚ್ಚಿದರೆ ಬೆಳಕು ಸಾಯುತ್ತದೆ.

ಇನ್ನೊಂದು ಮಾತು: ಆತ ಸ್ವತಃ ನಾವಿಕ. 1892ರಲ್ಲಿ ದಕ್ಷಿಣ ಫ್ರಾನ್ಸಿನ ಬಂದರೂರು ಸ್ಯಾಂ-ಟ್ರೋಪೆಗೆ ಬಂದದ್ದೇ ತನ್ನ ಹಾಯಿದೋಣಿಯಲ್ಲಿ. ಹಾಗಾಗಿ ಬಣ್ಣ ಎಷ್ಟೇ ಕುಣಿದರೂ ಪಟಸ್ತಂಭ, ಹಗ್ಗಗಳು ದಾರಿ ತಪ್ಪುವುದಿಲ್ಲ. 1929ರಿಂದ ಫ್ರಾನ್ಸಿನ ಬಂದರುಗಳನ್ನು ಸುತ್ತಿ ಬರೆದ ಜಲವರ್ಣಗಳಲ್ಲಿ ಇದು ಇನ್ನೂ ಸ್ಪಷ್ಟ: ದೋಣಿಗಳನ್ನು ಹಿಡಿಯುವುದು ಚುರುಕು ಗೆರೆ, ಮೇಲೆ ತೆಳು ಬಣ್ಣ, ನೀರಿನ ಮಿಂಚಿಗೆ ಖಾಲಿ ಬಿಟ್ಟ ಕಾಗದ.